ನಿತ್ಯಪುಷ್ಪದ ಎಲೆಯಲ್ಲಿ ಔಷಧ ಹೆಚ್ಚಿಸುವ ಕೆಲಸ

(ಬೆಳ್ಳಿಹಬ್ಬದ ರೈತಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಾಲ, ಗೊಬ್ಬರದ ಮಾತು ಬೆಳಿಗ್ಗೆಯಿಂದ ಸಾಕಷ್ಟು ಆಗೇದ. ನಾನು ಒಂದು ಹೂವಿನ ಗಿಡದ ಸಂಗತಿ ಹೇಳತೀನಿ. ನಮ್ಮ ದೇವದುರ್ಗ, ಮಾನ್ವಿ ಕಡೆ ಅಂಗಳದಾಗ, ಗುಡಿ ಮುಂದ ವರ್ಷವಿಡೀ ಹೂ ಬಿಡುವ ನಿತ್ಯಪುಷ್ಪ. ಕಾಶಿಕಣಗಿಲೆ ಅಂತಲೂ ಕರೀತಾರ. 1958ರಲ್ಲಿ ಕೆನಡಾದ ನೋಬಲ್ ಮತ್ತು ಬೀರ್ ಎಂಬ ವಿಜ್ಞಾನಿಗಳು, ಸಕ್ಕರೆ ಕಾಯಿಲೆಗೆ ಮದ್ದಾದೀತೇ ಎಂದು ಶುರುವಾದ ಪರೀಕ್ಷೆಯಿಂದ ಮುಂದುವರಿದು, ಇದರ ಎಲೆಯಲ್ಲಿ ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಔಷಧ ಕಂಡರು. ಅದರ ಒಡಹುಟ್ಟಾದ ವಿನ್‌ಕ್ರಿಸ್ಟಿನ್ ಇಂದಿಗೂ ಮಕ್ಕಳ ರಕ್ತ ಕ್ಯಾನ್ಸರಿಗೆ ಕೊಡುವ ಮುಖ್ಯ ಔಷಧಗಳಲ್ಲಿ ಒಂದು.

ಗಿಡ ಪುಕ್ಕಟೆ, ಆದರೆ ಅದರೊಳಗಿನ ಔಷಧ ಬಲು ಕಡಿಮೆ. 1 ಗ್ರಾಂ ವಿನ್‌ಬ್ಲಾಸ್ಟಿನ್‌ಗೆ ಸುಮಾರು 500 ಕಿಲೋ ಒಣ ಎಲೆ ಬೇಕು. ಐದು ಕ್ವಿಂಟಲ್‌ಗೆ ಒಂದು ಚಿಟಿಕೆ, ನೋಡ್ರಿ!

ಇದನ್ನು ಹೆಚ್ಚಿಸುವ ಕೆಲಸ ನಮ್ಮ ಬೆಂಗಳೂರಿನಲ್ಲೇ, ಸಿಮ್ಯಾಪ್ ಸಂಶೋಧನಾ ಕೇಂದ್ರದಲ್ಲಿ ನಡೆಯಿತು. ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಎಲೆಯಲ್ಲಿ ವಿಂಡೋಲಿನ್, ಕ್ಯಾಥರಾಂಥಿನ್ ಎಂಬ ಎರಡು ಪದಾರ್ಥ ಕೂಡಿ ಈ ಔಷಧ ಆಗುತ್ತದೆ. ಅವೆರಡಕ್ಕೂ ಬೇಕಾದ ಒಂದು ಕಚ್ಚಾಮಾಲು ಗಿಡದಲ್ಲಿ ಕೊರತೆ. ಆ ಕಚ್ಚಾಮಾಲಿನ ತಯಾರಿಕೆ ಹೆಚ್ಚಿಸುವ ಜೀನನ್ನು ಮಣ್ಣಿನ ಒಂದು ಬ್ಯಾಕ್ಟೀರಿಯಾದ ಮೂಲಕ ಗಿಡಕ್ಕೆ ಸೇರಿಸಿದರು. ವಿನ್‌ಬ್ಲಾಸ್ಟಿನ್ ಹೆಚ್ಚಿತು. ಗಿಡ ಸೊರಗಲಿಲ್ಲ, ಮುಂದಿನ ಪೀಳಿಗೆಯಲ್ಲೂ ಗುಣ ಉಳಿಯಿತು. ಅದರ ಜೊತೆ ಇನ್ನೊಂದು ಜೀನ್ ಸೇರಿಸಿದಾಗ ಮಾತ್ರ ಬಿಡಿ ಪದಾರ್ಥಗಳು ಹೆಚ್ಚಾದರೂ ವಿನ್‌ಬ್ಲಾಸ್ಟಿನ್ ಹೆಚ್ಚಲಿಲ್ಲ. ಅವನ್ನು ಕೂಡಿಸುವ ಕಿಣ್ವ ಆ ಗಿಡಗಳಲ್ಲಿ ಹೆಚ್ಚಿರಲಿಲ್ಲ. ಗಿರಣಿ ಮುಂದೆ ಭತ್ತದ ಚೀಲ ಎಷ್ಟು ಒಟ್ಟಿದರೇನು, ಯಂತ್ರ ನಡೆದಷ್ಟೇ ಅಕ್ಕಿ. ನನಗಂತೂ ಗೆದ್ದ ಅರ್ಧಕ್ಕಿಂತ ಈ ಅರ್ಧವೇ ಹೆಚ್ಚು ಕಲಿಸಿತು.

ಹಾಗಾದರೆ ನಾವು ಬೆಳೀಬಹುದೇ ಅಂತ ಕೇಳ್ತೀರಿ. ಇದು ಪ್ರಯೋಗಶಾಲೆಯ ಗಿಡ. ಸರ್ಕಾರದ ಒಪ್ಪಿಗೆಯಿಂದ ರೈತರ ಹೊಲಕ್ಕೆ ಬಂದ ಕುಲಾಂತರಿ ಬೆಳೆ ಹತ್ತಿಯೊಂದೇ, ಅದೂ 2002ರಲ್ಲಿ. ಇನ್ನೊಂದು ಕಡೆ, 2022ರಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳು ಮತ್ತವರ ಜೊತೆಗಾರರು ಬ್ರೆಡ್ಡು ಉಬ್ಬಿಸುವ ಯೀಸ್ಟಿನಿಂದಲೇ ಆ ಎರಡೂ ಪದಾರ್ಥ ತೆಗೆದು ವಿನ್‌ಬ್ಲಾಸ್ಟಿನ್ ಮಾಡಿ ತೋರಿಸಿದರು. ಅದು ಕಾರ್ಖಾನೆ ಮಟ್ಟಕ್ಕೆ ಬೆಳೆದರೆ ಎಲೆ ಕೊಳ್ಳುವವರೇ ಕಡಿಮೆಯಾದಾರು. ಆದ್ದರಿಂದ ಯಾರಾದರೂ ಬಂದು "ಹೆಚ್ಚು ಔಷಧದ ಸಸಿ ಕೊಡ್ತೀವಿ, ಎಲೆ ನಾವೇ ಕೊಳ್ತೀವಿ" ಅಂದರೆ, ಮುಂಗಡ ಕೊಡುವ ಮೊದಲು ಕರಾರು ಪತ್ರ ಕೇಳ್ರಿ, ಸಂಘದ ಆಫೀಸಿಗೆ ತಂದು ಓದಿಸ್ರಿ.

ಇನ್ನೊಂದು ಮಾತು, ತಾಯಂದಿರಿಗೆ. ಸಕ್ಕರೆ ಕಾಯಿಲೆಗೆಂದು ಈ ಎಲೆಯ ಕಷಾಯ ಕುಡಿಯುವವರಿದ್ದಾರೆ. ವಿನ್‌ಬ್ಲಾಸ್ಟಿನ್ ಕ್ಯಾನ್ಸರ್ ಕೋಶದ ಜೊತೆಗೆ ರಕ್ತ ಹುಟ್ಟಿಸುವ ಅಸ್ಥಿಮಜ್ಜೆಗೂ ಪೆಟ್ಟು ಕೊಡುತ್ತದೆ. ಡಾಕ್ಟರು ಅದನ್ನು ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ಕೊಡ್ತಾರೆ. ಕುಡಿಯುತ್ತಿದ್ದರೆ ಇವತ್ತೇ ಬಿಡ್ರಿ, ಡಾಕ್ಟರಿಗೆ ತಿಳಿಸ್ರಿ.