ಬರಿಗಾಲ ಚಳಕದ ಅಹ್ಮದ್ ಖಾನ್



ಕಲಬುರಗಿಯ ಬಯಲಲ್ಲಾಗಲಿ, ಕಮಲಾಪುರದ ಶಾಲೆಯಂಗಳದಲ್ಲಾಗಲಿ ಬರಿಗಾಲಲ್ಲಿ ಚೆಂಡು ಒದೆಯುವ ಹುಡುಗರು ಕೇಳಿರಬೇಕಾದ ಹೆಸರೊಂದಿದೆ: ಬೆಂಗಳೂರಿನ ಅಹ್ಮದ್ ಖಾನ್.

1926ರಲ್ಲಿ ಹುಟ್ಟಿದ ಅವರು ಬೆಂಗಳೂರು ಮುಸ್ಲಿಮ್ಸ್ ತಂಡಕ್ಕೆ ಆಡಿದವರು. ಬ್ರಿಟಿಷ್ ಸೈನಿಕರ ಸೊತ್ತಿನಂತಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದ ಮೊದಲ ಭಾರತೀಯ ತಂಡವದು.

1948ರ ಜುಲೈ 31. ಕಲಬುರಗಿ ಇನ್ನೂ ನಿಜಾಮನ ಆಳ್ವಿಕೆಯಲ್ಲಿತ್ತು. ಅತ್ತ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತ ಫ್ರಾನ್ಸ್ ವಿರುದ್ಧ ಕಣಕ್ಕಿಳಿಯಿತು. ಅಹ್ಮದ್ ಖಾನ್ ಸೇರಿದಂತೆ ಹೆಚ್ಚಿನವರ ಕಾಲಲ್ಲಿ ಬೂಟಿರಲಿಲ್ಲ. ಸಾರಂಗಪಾಣಿ ರಾಮನ್ ಗೋಲು ಹೊಡೆದರು. ಎರಡು ಪೆನಾಲ್ಟಿಗಳನ್ನು ಕಳೆದುಕೊಂಡ ಭಾರತ 1-2ರಿಂದ ಸೋತಿತು. ಸೋಲಿಗೆ ಬರಿಗಾಲನ್ನು ದೂರುವಂತಿರಲಿಲ್ಲ.

ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದ ಅಹ್ಮದ್ ಖಾನ್, ಅಲ್ಲಿನ ಮುನ್ಪಡೆಯ 'ಪಂಚಪಾಂಡವ'ರಲ್ಲಿ ಒಬ್ಬರಾದರು. 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲೂ ಇದ್ದರು.

1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಕಥೆಯೇ ಬೇರೆಯಾಯಿತು. ಯುಗೊಸ್ಲಾವಿಯ 10-1ರಿಂದ ಗೆದ್ದಿತು. ಭಾರತದ ಆ ಒಂದು ಗೋಲು ಅಹ್ಮದ್ ಖಾನ್ ಅವರದೇ. ಆ ಬಳಿಕ ನಮ್ಮ ಆಟಗಾರರಿಗೆ ಬೂಟು ಕಡ್ಡಾಯವಾಯಿತು.

ಅಹ್ಮದ್ ಖಾನ್ 2017ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಕಾಲಿನ ಚಳಕ ಹುಡುಗನದು, ನಿಜ. ಆದರೆ ಅವನಿಗೊಂದು ಮೈದಾನ, ಒಂದು ಜೊತೆ ಬೂಟು ಒದಗಿಸುವುದು ಊರಿನ ಹೊಣೆ.