ಕಾರಿನ ಫ್ಯೂಸ್ ಪೆಟ್ಟಿಗೆ

ಕೆಲವು ವರ್ಷಗಳ ಹಿಂದಿನ ಮಾತು. ತೀರ್ಥಹಳ್ಳಿಯ ನೆಂಟರ ಮನೆಯಲ್ಲಿ ಊಟ ಮುಗಿಸಿಕೊಂಡು ಸಂಜೆ ಉಡುಪಿಗೆ ಹೊರಟಿದ್ದೆವು. ಕಾರು ನನ್ನ ಭಾವಮೈದುನನದು. ಹಿಂದಿನ ಸೀಟಿನಲ್ಲಿ ಅವನ ಇಬ್ಬರು ಮಕ್ಕಳು ನಿದ್ದೆಹೋಗಿದ್ದರು. ಆಗುಂಬೆಯ ಮಳೆಯನ್ನು ನಾನು ಬಣ್ಣಿಸಬೇಕಾಗಿಲ್ಲ. ಊರು ಸೇರುವ ಹೊತ್ತಿಗೆ ಗಾಜು ಒರೆಸುವ ವೈಪರ್ ನಿಂತುಹೋಯಿತು. ರಿಪೇರಿಯವನೊಬ್ಬ ಸಿಕ್ಕಿದ. ಫ್ಯೂಸ್ ಸುಟ್ಟಿದೆ ಎಂದ. ಬೇರೊಂದು ಅವನಲ್ಲಿಯೂ ಇರಲಿಲ್ಲ, ನಮ್ಮಲ್ಲಿಯೂ ಇರಲಿಲ್ಲ. ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದವನ್ನು ಹರಿದು ಸುಟ್ಟ ಫ್ಯೂಸಿಗೇ ಸುತ್ತಿ ಸಿಕ್ಕಿಸಿದ. ವೈಪರ್ ತಿರುಗಿತು. ಅವನ ಜಾಣತನವನ್ನು ಹೊಗಳಿ, ಹಣ ಕೊಟ್ಟು, ಘಾಟಿ ಇಳಿಯತೊಡಗಿದೆವು.

ಮೂರನೆಯ ತಿರುವಿನಲ್ಲಿ ಸುಟ್ಟ ವಾಸನೆ. ನಾಲ್ಕನೆಯದರಲ್ಲಿ ಡ್ಯಾಷ್‌ಬೋರ್ಡಿನ ಕೆಳಗಿನಿಂದ ಹೊಗೆ. ಮಕ್ಕಳನ್ನು ಎತ್ತಿಕೊಂಡು ಮಳೆಯಲ್ಲೇ ಕೆಳಗಿಳಿದೆವು. ಭಾವಮೈದುನ ಬ್ಯಾಟರಿಯ ತಂತಿಯನ್ನು ಕಿತ್ತ. ಹೊಗೆ ನಿಂತಿತು. ಇನ್ನು ಐದು ನಿಮಿಷ ತಡವಾಗಿದ್ದರೆ ಏನಾಗುತ್ತಿತ್ತೋ, ಅದನ್ನು ನೆನೆಯಲು ನನಗೆ ಈಗಲೂ ಮನಸ್ಸಾಗುವುದಿಲ್ಲ.

ಆ ದಿನ ನಾವು ಮಾಡಿದ ತಪ್ಪೇನು? ವೈಪರಿನ ಮೋಟಾರಿಗೆ ನೀರಿಳಿದು ಅದು ಬಿಗಿದುಕೊಂಡಿತ್ತು. ಎಳೆಯಬೇಕಾದುದಕ್ಕಿಂತ ಹೆಚ್ಚು ವಿದ್ಯುತ್ತನ್ನು ಎಳೆಯುತ್ತಿತ್ತು. ಫ್ಯೂಸ್ ತಾನು ಸುಟ್ಟುಕೊಂಡು ಅದನ್ನು ನಮಗೆ ತಿಳಿಸಿತ್ತು. ನಾವು ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿ ಮುಂದೆ ನಡೆದೆವು.

ಫ್ಯೂಸ್ ಎಂದರೆ ವಿದ್ಯುತ್ತಿನ ದಾರಿಯಲ್ಲಿ ಬೇಕೆಂದೇ ಇಟ್ಟ ಒಂದು ದುರ್ಬಲ ಕೊಂಡಿ. ಹಳೆಯ ಮನೆಗಳಲ್ಲಿ ಮೀಟರಿನ ಪಕ್ಕದ ಪಿಂಗಾಣಿ ಫ್ಯೂಸಿಗೆ ತಂತಿ ಕಟ್ಟಿದ ಅನುಭವ ತಮ್ಮಲ್ಲಿ ಹಲವರಿಗೆ ಉಂಟು. ಕಾರಿನದೂ ಅದೇ ತತ್ತ್ವ. ಈಗಿನ ಕಾರಿನ ಫ್ಯೂಸಿನೊಳಗಿನ ಸೇತುವೆ ಸಾಮಾನ್ಯವಾಗಿ ಸತುವಿನದು. ಸತು 420 ಡಿಗ್ರಿ ಶಾಖದಲ್ಲಿ ಕರಗುತ್ತದೆ. ತಾಮ್ರ ಕರಗಬೇಕಾದರೆ 1,085 ಡಿಗ್ರಿ ಬೇಕು. ಫ್ಯೂಸಿನ ಜಾಗದಲ್ಲಿ ತಾಮ್ರದ ಎಳೆಯನ್ನು ಸುತ್ತಿದರೆ, ಅದು ಕರಗುವ ಮೊದಲೇ ಒಳಗಿನ ತಂತಿಗಳ ಹೊದಿಕೆ ಕರಗಿ ಬೆಂಕಿ ಹತ್ತಬಹುದು.

“ಹನ್ನೆರಡು ವೋಲ್ಟು ತಾನೆ, ಮುಟ್ಟಿದರೂ ಷಾಕ್ ಹೊಡೆಯುವುದಿಲ್ಲ” ಎನ್ನುವವರುಂಟು. ಷಾಕ್ ಹೊಡೆಯುವುದಿಲ್ಲ, ನಿಜ. ಆದರೆ ತಂತಿಯೊಂದು ಸವೆದು ಕಾರಿನ ಕಬ್ಬಿಣಕ್ಕೆ ತಗುಲಿದರೆ ಅದೇ ಬ್ಯಾಟರಿ ನೂರಾರು ಆಂಪಿಯರುಗಳನ್ನು ಹರಿಸಬಲ್ಲದು. ತಂತಿ ಕೆಂಪಗೆ ಕಾಯಲು ಅಷ್ಟು ಸಾಕು.

ಒಂದು ಸಣ್ಣ ಲೆಕ್ಕ. ಮುಂದಿನ ದೀಪ ಒಂದೊಂದೂ 60 ವ್ಯಾಟಿನದಾದರೆ ಎರಡಕ್ಕೆ 120. ಅದನ್ನು 12 ವೋಲ್ಟಿನಿಂದ ಭಾಗಿಸಿದರೆ 10 ಆಂಪಿಯರ್. ಎರಡಕ್ಕೂ ಒಂದೇ ಫ್ಯೂಸಿದ್ದರೆ 15 ಆಂಪಿಯರಿನದು ಸಾಕು. ತಂತಿಯ ದಪ್ಪವೂ ಅದಕ್ಕೆ ತಕ್ಕಷ್ಟೇ. ಆ ಜಾಗಕ್ಕೆ 30ರ ಫ್ಯೂಸನ್ನು ಹಾಕಿದಿರೆನ್ನಿ. ವಿದ್ಯುತ್ತು ಎರಡರಷ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕರಷ್ಟಾಗುತ್ತದೆ. ಆದುದರಿಂದ ತೆಗೆದ ಅಂಕಿಯ ಫ್ಯೂಸನ್ನೇ ಹಾಕತಕ್ಕದ್ದು. ತೆಗೆದದ್ದರ ಮೇಲೂ ಅನುಮಾನವಿದ್ದರೆ ಕಾರಿನ ಪುಸ್ತಕವನ್ನು ನೋಡತಕ್ಕದ್ದು.

ಅಂಬಾಸಿಡರಿನಂಥ ಹಳೆಯ ಗಾಡಿಗಳಲ್ಲಿ ಗಾಜಿನ ಕೊಳವೆಯ ಫ್ಯೂಸುಗಳು ಬೆರಳೆಣಿಕೆಯಷ್ಟಿದ್ದವು. ಇಂದಿನ ಕಾರುಗಳಲ್ಲಿ ಚಪ್ಪಟೆಯ ಫ್ಯೂಸುಗಳು ಹತ್ತಾರು. ಬಣ್ಣವೇ ಅವುಗಳ ಗುರುತು: 10 ಆಂಪಿಯರಿಗೆ ಕೆಂಪು, 15ಕ್ಕೆ ನೀಲಿ, 20ಕ್ಕೆ ಹಳದಿ, 30ಕ್ಕೆ ಹಸುರು. ಬಣ್ಣ ಮಾಸಿದ್ದರೆ ತಲೆಯ ಮೇಲಿನ ಅಂಕಿಯನ್ನು ಓದಿಕೊಳ್ಳಿ. ಸಾಮಾನ್ಯವಾಗಿ ಒಂದು ಪೆಟ್ಟಿಗೆ ಡ್ಯಾಷ್‌ಬೋರ್ಡಿನ ಅಡಿಯಲ್ಲೂ ಇನ್ನೊಂದು ಎಂಜಿನ್ನಿನ ಬಳಿ, ಬ್ಯಾಟರಿಯ ಸಮೀಪದಲ್ಲೂ ಇರುತ್ತದೆ. ಯಾವ ಫ್ಯೂಸ್ ಯಾವುದಕ್ಕೆ ಎಂಬ ನಕ್ಷೆ ಮುಚ್ಚಳದ ಒಳಮೈಯಲ್ಲೋ ಪುಸ್ತಕದಲ್ಲೋ ಸಿಗುತ್ತದೆ. ಬಿಡುವಿನ ಒಂದು ಭಾನುವಾರ ಹಗಲು ಬೆಳಕಿನಲ್ಲಿ ಅದನ್ನು ಗುರುತಿಸಿಟ್ಟುಕೊಳ್ಳಿ. ರಾತ್ರಿಯ ಮಳೆಯಲ್ಲಿ ಹುಡುಕುವ ಕಷ್ಟವನ್ನು ನಾನು ಬಲ್ಲೆ.

ಫ್ಯೂಸ್ ತೆಗೆಯುವ ಮೊದಲು ಕೀಲಿಯನ್ನು ಆರಿಸಿ. ಬೆಳಕಿಗೆ ಹಿಡಿದು ನೋಡಿದರೆ ಸೇತುವೆ ಕಡಿದಿರುವುದು ಹೆಚ್ಚಾಗಿ ಕಣ್ಣಿಗೇ ಕಾಣುತ್ತದೆ. ಹೊಸದನ್ನು ಹಾಕಿದೊಡನೆ ಅದೂ ಸುಟ್ಟರೆ ಮೂರನೆಯದನ್ನು ಹಾಕಬೇಡಿ. ಬಿಗಿದ ಮೋಟಾರು, ಇಲಿ ಕಡಿದ ತಂತಿ, ಅಂಗಡಿಯಲ್ಲಿ ಹೆಚ್ಚುವರಿಯಾಗಿ ಕೂಡಿಸಿದ ಹಾರ್ನು ಅಥವಾ ದೀಪ, ಹೀಗೆ ಎಲ್ಲೋ ಒಂದು ಕಾರಣವಿದೆ. ಅದನ್ನು ಬಲ್ಲವರಿಂದ ಹುಡುಕಿಸಿ.

ಪೆಟ್ಟಿಗೆಯ ಆರೈಕೆ ದೊಡ್ಡ ಕೆಲಸವಲ್ಲ. ಮಳೆಗಾಲದ ಮುಂಚೆ ಒಮ್ಮೆ, ಅನಂತರ ಒಮ್ಮೆ ಮುಚ್ಚಳ ತೆಗೆದು ನೋಡಿ. ಹಿಡಿಕೆಗಳ ಮೇಲೆ ಹಸುರು ಅಥವಾ ಬಿಳಿಯ ಕಿಲುಬು ಕಂಡರೆ ಒಳಗೆ ತೇವ ಸೇರಿದೆ. ಫ್ಯೂಸಿನ ಸುತ್ತಲ ಪ್ಲಾಸ್ಟಿಕ್ಕು ಕಂದಿದ್ದರೆ ಹಿಡಿಕೆ ಸಡಿಲವಾಗಿ ಅಲ್ಲಿ ಶಾಖ ಹುಟ್ಟುತ್ತಿದೆ. ಎಂಜಿನ್ನನ್ನು ತೊಳೆಸುವಾಗ ನೀರಿನ ರಭಸ ಪೆಟ್ಟಿಗೆಯ ಮೇಲೆ ಬೀಳದಿರಲಿ. ಅಪಘಾತದಲ್ಲಿ ಉಬ್ಬುವ ಗಾಳಿಚೀಲದ ಫ್ಯೂಸನ್ನೂ, ವಿದ್ಯುತ್ ಕಾರುಗಳ ಕಿತ್ತಳೆ ಬಣ್ಣದ ದಪ್ಪ ತಂತಿಗಳನ್ನೂ ನಾವು ನೀವು ಮುಟ್ಟಬಾರದು. ಆ ತಂತಿಗಳಲ್ಲಿರುವುದು ಪ್ರಾಣ ತೆಗೆಯುವ ನೂರಾರು ವೋಲ್ಟು.

ಭಾವಮೈದುನನ ಕಾರಿನಲ್ಲಿ ಈಗ ಅಂಕಿಗೊಂದರಂತೆ ಫ್ಯೂಸುಗಳು ತುಂಬಿದ ಒಂದು ಪುಟ್ಟ ಡಬ್ಬಿ ಇದೆ. ಅದಕ್ಕಾದ ಖರ್ಚು ಅಂದು ಬೆಳ್ಳಿ ಕಾಗದ ಸುತ್ತಿಸಿಕೊಳ್ಳಲು ಕೊಟ್ಟ ಹಣಕ್ಕಿಂತ ಹೆಚ್ಚೇನೂ ಆಗಲಿಲ್ಲ. ಮುಂದಿನ ಪ್ರಯಾಣಕ್ಕೆ ಮುಂಚೆ ತಾವೂ ಅಂಥದೊಂದನ್ನು ಇಟ್ಟುಕೊಂಡರೆ, ನಮ್ಮ ಅಂದಿನ ಫಜೀತಿಯಿಂದ ಇಷ್ಟಾದರೂ ಪ್ರಯೋಜನವಾಯಿತೆಂದುಕೊಳ್ಳುತ್ತೇನೆ.