ನೆರೆಗಾಲಕ್ಕೆ ವಾಕಿ-ಟಾಕಿ: ಕೊಳ್ಳುವ ಮೊದಲು ಗುಡ್ಡೆ ಹತ್ತಿ ನೋಡಿ

(ಸದಸ್ಯರ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



1923ರ ಮಾರಿಬೊಳ್ಳದ ಕಥೆಯನ್ನು ನಾವು ಹಿರಿಯರ ಬಾಯಲ್ಲಿ ಕೇಳಿದವರು. 1974ರ ನೆರೆಯಲ್ಲಿ ಬಂಟ್ವಾಳ ಪೇಟೆಗೆ ನೀರು ನುಗ್ಗಿದ್ದನ್ನು ಕಂಡವರು ಈ ಸಭೆಯಲ್ಲೇ ಇದ್ದಾರೆ. 2019ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ, ದಿಡುಪೆ ಕಡೆ ಗುಡ್ಡೆ ಜರಿದದ್ದು ಯಾರೂ ಮರೆಯುವಂಥದ್ದಲ್ಲ. ಆ ವಾರ ನಮ್ಮಲ್ಲೂ ಕರೆಂಟು ಹೋಯಿತು, ಮೊಬೈಲು ಸತ್ತಿತು, ಸಂಕ ಕೊಚ್ಚಿ ಹೋಯಿತು. ಹೊಳೆಯಾಚೆಯ ಐದು ಮನೆಯವರು ಕ್ಷೇಮವೋ ಇಲ್ಲವೋ ಎಂದು ತಿಳಿಯಲು ನಮಗೆ ಒಂದು ರಾತ್ರಿ, ಅರ್ಧ ಹಗಲು ಹಿಡಿಯಿತು. ಕೂಗಿದರೆ ನೀರಿನ ಸದ್ದಿನಲ್ಲಿ ಕೇಳಬೇಕಲ್ಲ!

ಆಮೇಲೆ ನಾವು ನಾಲ್ಕು ಮಂದಿ ಕೈಯಿಂದ ಹಣ ಹಾಕಿ ಒಂದು ಜೊತೆ ವಾಕಿ-ಟಾಕಿ ತರಿಸಿದೆವು. ಪೆಟ್ಟಿಗೆಯ ಮೇಲೆ ಹತ್ತು ಕಿಲೋಮೀಟರ್ ಎಂದಿತ್ತು. ತೋಟದಿಂದ ಗುಡ್ಡೆಯ ಆಚೆ ಬದಿಗೆ ಒಂದು ಕಿಲೋಮೀಟರೂ ಮುಟ್ಟಲಿಲ್ಲ. ಬರೆದದ್ದು ಅಡ್ಡಿಯಿಲ್ಲದ ಬಯಲಿನ ಲೆಕ್ಕ. ಈ ಅಲೆಗೆ ಗುಡ್ಡೆಯೇ ಗೋಡೆ. ಗುಡ್ಡೆ ತುದಿಯಲ್ಲಿ ಇನ್ನೊಂದು ಸೆಟ್ಟು ಕೊಟ್ಟು ಒಬ್ಬರನ್ನು ನಿಲ್ಲಿಸಿದಾಗಲೇ ಆಚೆಯ ಮಾತು ಈಚೆಗೆ ದಾಟಿತು. ಬಂಟ್ವಾಳವಿರಲಿ, ಮೂಡಬಿದಿರೆಯಿರಲಿ, ನಮ್ಮ ಗುಡ್ಡೆ-ಬೈಲುಗಳಿಗೆ ಎರಡು ಸಾಲದು, ಮೂರು ಬೇಕು.

ಇನ್ನು ಕೊಳ್ಳುವಾಗ ನೋಡಬೇಕಾದದ್ದು. 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ಸೆಟ್ಟಿಗೆ 2018ರ ನಿಯಮದಂತೆ ಲೈಸೆನ್ಸ್ ಬೇಡ. ಆದರೆ ಸರಕಾರದ ಇಟಿಎ ಒಪ್ಪಿಗೆ ಪಡೆದ ಮಾಡೆಲ್ ಆಗಿರಬೇಕು. ಹ್ಯಾಮ್ ಸೆಟ್ಟಿಗಾದರೆ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆಯಲೇಬೇಕು. ಅಗ್ಗಕ್ಕೆ ಸಿಕ್ಕಿತೆಂದು ಕಂಡದ್ದನ್ನು ತರಬೇಡಿ. ನಮ್ಮ ಮಳೆಗೆ ಐಪಿ67 ಗುರುತಿನದು ಒಳ್ಳೆಯದು. ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಬಿದ್ದರೂ ತಡೆಯಬೇಕೆಂಬುದು ಅದರ ಅರ್ಥ. ಚಾರ್ಜು ಮಾಡುವ ಬ್ಯಾಟರಿಯ ಜೊತೆ ಅಂಗಡಿಯ ಸಾದಾ ಸೆಲ್ಲೂ ಹಾಕುವಂತಿದ್ದರೆ ಕರೆಂಟಿಲ್ಲದ ದಿನ ಉಳಿಯುತ್ತೇವೆ.

ಒಂದು ಎಚ್ಚರ: ಇದು ಪೊಲೀಸರಿಗೋ ಅಗ್ನಿಶಾಮಕದವರಿಗೋ ನೇರ ಮುಟ್ಟುವುದಿಲ್ಲ. ಫೋನು ಸಿಗುವ ಕಡೆ ಒಬ್ಬರಿದ್ದು 112ಕ್ಕೆ ಹೇಳಬೇಕು.

ಆದ್ದರಿಂದ ನಮ್ಮ ಕೋರಿಕೆ ಇಷ್ಟೇ. ಸಂಘದಿಂದ ಮೂರು ಸೆಟ್ಟು ಮಂಜೂರಾಗಲಿ. ಹಣ ಕೊಡುವ ಮೊದಲು ಹೊಳೆಯಾಚೆ, ಗುಡ್ಡೆ ತುದಿ, ಸಂಘದ ಕಟ್ಟಡ, ಈ ಮೂರು ಕಡೆ ನಿಂತು ಮಾತಾಡಿ ನೋಡೋಣ. ಪತ್ತನಾಜೆಯೊಳಗೆ ನಮ್ಮ ಯುವಕರು, ಹೆಣ್ಮಕ್ಕಳು ಗುಂಡಿ ಒತ್ತಿ ಒಂದು ಕ್ಷಣ ತಡೆದು ಮಾತಾಡಲು, ಮುಗಿದ ಮೇಲೆ ಗುಂಡಿ ಬಿಟ್ಟು ಕೇಳಲು ಕಲಿತಿರಲಿ. ಕಪಾಟಿನಲ್ಲಿ ಬೀಗ ಹಾಕಿಟ್ಟರೆ ಅದು ಬರೇ ಸಾಮಾನು.

ಸಾಲ ಕೊಡುವುದು, ಗೊಬ್ಬರ ಕೊಡುವುದು ಸಹಕಾರವೇ. ಆಚೆ ದಡದವನ ಸ್ವರ ಈಚೆಗೆ ಕೇಳುವಂತೆ ಮಾಡುವುದೂ ಸಹಕಾರವೇ. 

ಜೈ ಸಹಕಾರ.